ಕ್ಲೆಮೆಂಟ್ ಪಡ್ನಿಯ ಹೆಸರು ಅಚ್ಚಾದ ಬಗೆ

ಕ್ಲೆಮೆಂಟ್ ಪಡ್ನಿ ಪೇಚಿಗೆ ಸಿಕ್ಕಿದ್ದು ಒಂದು ನದಿಯ ದೆಸೆಯಿಂದ. ಆ ನದಿ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ ಎಂಬುದೇ ಅದರ ಮೇಲಿದ್ದ ದೂರು.

ಪಡ್ನಿ ಲಂಡನ್ನಿನ ಒಂದು ಸಂಜೆ ಪತ್ರಿಕೆಗೆ 'ಕಡಲಾಚೆಯ ನೆರಳು' ಎಂಬ ಧಾರಾವಾಹಿ ಬರೆಯುತ್ತಿದ್ದ. ಜರ್ಮನಿಯ ಗೂಢಚಾರರು ಮೊದಲು ಬಂದು ಗುಟ್ಟಾಗಿ ನಕ್ಷೆ ಬರೆದುಕೊಂಡು ಹೋಗುವುದು, ಹಿಂದೆಯೇ ಅವರ ಸೈನ್ಯ ಹಡಗಿನಿಂದ ಇಳಿದು ಇಂಗ್ಲೆಂಡಿನ ಊರುಗಳನ್ನು ಒಂದೊಂದಾಗಿ ಸುಡುತ್ತ ಬರುವುದು, ಇಷ್ಟೇ ಕತೆ. ೧೯೦೯ರ ಆ ಬೇಸಿಗೆಯಲ್ಲಿ ಇಂಥದ್ದಕ್ಕೆ ಜನ ಮುಗಿಬೀಳುತ್ತಿದ್ದರು. ಪ್ರತಿ ಅಧ್ಯಾಯದ ನೆತ್ತಿಯ ಮೇಲೆ 'ಇದು ಕತೆಯಲ್ಲ, ಪ್ರತಿ ಮಾತೂ ನಿಜ' ಎಂದು ದಪ್ಪಕ್ಷರದಲ್ಲಿ ಹಾಕುತ್ತಿದ್ದರು. ಬರೆದವರು ಕರ್ನಲ್ ಡ್ರೇಕಾಟ್ ಎಂದು ಇರುತ್ತಿತ್ತು, ಪಕ್ಕದಲ್ಲಿ ಹುರಿಮೀಸೆಯ ಒಂದು ಚಿತ್ರ. ಆ ಮೀಸೆ ಸಂಪಾದಕ ಹಾರ್ಬಾಟಲ್‌ರ ತೀರಿಹೋದ ಮಾವನದು. ನಿಜವಾದ ಕರ್ನಲ್, ಐದಡಿ ಎರಡಂಗುಲದ, ಮೀಸೆ ಸರಿಯಾಗಿ ಮೂಡದ, ಬೆಕ್ಕು ಸೀನಿದರೂ ಬೆಚ್ಚಿಬೀಳುವ ನಮ್ಮ ಪಡ್ನಿ.

ಪಡ್ನಿಗೆ ಇದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಬೇಕು. ಅವನ ಅಣ್ಣ ಲಂಡನ್ನಿನ ಪೂರ್ವದ ಕೊನೆಯಲ್ಲಿ ಗೊರಸು ಕುದಿಸಿ ಅಂಟು ತಯಾರಿಸುವ ಕಾರ್ಖಾನೆ ಇಟ್ಟಿದ್ದ. ಪ್ರತಿ ಭಾನುವಾರ ಊಟದ ಹೊತ್ತಿಗೆ ಅವನು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಾಡಿಸಿ, "ಇವತ್ತೂ ಇಲ್ವಲ್ಲಪ್ಪ ನಿನ್ನ ಹೆಸರು, ಬೇರೆ ಕೆಲ್ಸ ಏನಾದ್ರೂ ಮಾಡ್ತಿದೀಯೋ ಹೇಗೆ" ಎಂದು ಕೇಳುತ್ತಿದ್ದ. ಪಡ್ನಿ ಇನ್ನೊಂದು ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ. ತಾನೇ ಕರ್ನಲ್ ಎಂದು ಯಾರ ಮುಂದಾದರೂ ಬಾಯಿಬಿಟ್ಟರೆ ಅಂದೇ ಕೆಲಸ ಹೋಯಿತೆಂದು ಹಾರ್ಬಾಟಲ್ ಕಾಗದದ ಮೇಲೆ ಬರೆಸಿಕೊಂಡಿದ್ದರು.

ಹೀಗಿರುವಾಗ ಜುಲೈ ತಿಂಗಳಲ್ಲಿ ಪಡ್ನಿ ಹೋಲ್ಮ್‌ಗೇಟ್ ಎಂಬ ಕಡಲೂರನ್ನು ಸುಟ್ಟ. ನಕ್ಷೆ ನೋಡುವ ಸೋಮಾರಿತನಕ್ಕೆ ಅಲ್ಲೊಂದು ನದಿಯನ್ನು ಹರಿಸಿ, ಶತ್ರುವಿನ ಫಿರಂಗಿಗಳನ್ನು ಅದರಲ್ಲಿ ದಾಟಿಸಿದ. ಹೋಲ್ಮ್‌ಗೇಟಿನಲ್ಲಿ ನದಿಯೂ ಇಲ್ಲ, ತೊರೆಯೂ ಇಲ್ಲ. ನೌಕಾಪಡೆಯಿಂದ ನಿವೃತ್ತರಾದ ನಲವತ್ತೊಂದು ಮಂದಿ ಅಧಿಕಾರಿಗಳು ಸಂಪಾದಕರಿಗೆ ಪತ್ರ ಬರೆದರು.

ಹಾರ್ಬಾಟಲ್ ಪಡ್ನಿಯನ್ನು ಕರೆಸಿ ಪತ್ರಗಳ ಕಟ್ಟನ್ನು ಅವನ ಎದೆಗೆ ಒತ್ತಿದರು. ಮುಂದಿನ ದಾಳಿ ಸಫೋಕ್ ಸೀಮೆಯ ವಿಕರ್‌ನೆಸ್ ಎಂಬ ಊರಿನ ಮೇಲೆ, ಶುಕ್ರವಾರ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಅಲ್ಲಿಯ ಮರಳು, ಕೆಸರು, ಬೀದಿ ಎಲ್ಲ ಕಣ್ಣಾರೆ ಕಂಡು ಬರಬೇಕು, ಯಾರಾದರೂ ಕೇಳಿದರೆ ಚಿಪ್ಪು ಆರಿಸಲು ಬಂದವನೆನ್ನಬೇಕು ಎಂದು ಅಪ್ಪಣೆಯಾಯಿತು. ಪಡ್ನಿ ಬಾಗಿಲವರೆಗೆ ಹೋದಾಗ ಅವರು ಹಿಂದಿನಿಂದ, "ಈ ಸಲ ಒಂದೂ ದೂರು ಬರದಿದ್ರೆ ನಿಮ್ಮ ಹೆಸರು ಹಾಕಿಸ್ತೀನಿ ಪಡ್ನಿ. ನನ್ನ ಮಾತು" ಎಂದರು. ಪಡ್ನಿ ಮೆಟ್ಟಿಲು ಇಳಿದದ್ದು ಅವನ ಕಾಲಿಗೇ ಗೊತ್ತಾಗಲಿಲ್ಲ.

ಪಡ್ನಿಗೆ ತಿಳಿಯದ, ಆ ಕರಾವಳಿಗೆಲ್ಲ ತಿಳಿದಿದ್ದ ಒಂದು ಸಂಗತಿಯಿತ್ತು. ಹೋಲ್ಮ್‌ಗೇಟ್ ಪತ್ರಿಕೆಯಲ್ಲಿ ಸುಟ್ಟುಹೋದ ಮರುವಾರದಿಂದ ಲಂಡನ್ನಿನ ಜನ ರೈಲು ತುಂಬ ಬಂದು ಅಲ್ಲಿ ಇಳಿಯತೊಡಗಿದ್ದರು. ಶತ್ರು ಮುರಿದ ಬಾಗಿಲು ಯಾವುದು, ಮೇಯರನನ್ನು ಕಟ್ಟಿಹಾಕಿದ ಕಂಬ ಯಾವುದು ಎಂದು ಕೇಳಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಇಲ್ಲದ ನದಿಯನ್ನು ತೋರಿಸಲು ಒಬ್ಬ ಮಾರ್ಗದರ್ಶಿ ಬೇರೆ ಹುಟ್ಟಿಕೊಂಡಿದ್ದ. ಹತ್ತು ಮೈಲಿ ದೂರದ ವಿಕರ್‌ನೆಸ್‌ಗೆ ಇದನ್ನು ಕಂಡು ಹೊಟ್ಟೆ ಉರಿದುಹೋಗಿತ್ತು. ಹೋಲ್ಮ್‌ಗೇಟಿಗೆ ಮೊದಲು ಒಬ್ಬ ಚಿಪ್ಪು ಆರಿಸುವವನು ಬಂದಿದ್ದನಂತೆ, ಆಮೇಲೆ ಪತ್ರಿಕೆಯಲ್ಲಿ ಶತ್ರು ಬಂದನಂತೆ ಎಂದು ಯಾರೋ ಹಬ್ಬಿಸಿದ್ದರು. ಹೀಗಾಗಿ ಶುಕ್ರವಾರ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡ ಸಣ್ಣ ಆಕೃತಿಯೊಂದು ರೈಲಿನಿಂದ ಇಳಿದು, ಕೇಳದೆಯೇ ತಾನು ಚಿಪ್ಪು ಆರಿಸುವವನೆಂದು ಸ್ಟೇಷನ್ ಮಾಸ್ತರ್ ಕ್ಯಾಚ್‌ಪೋಲ್‌ನಿಗೆ ಹೇಳಿದಾಗ, ಪತ್ರಿಕೆಯವನು ಬಂದನೆಂಬ ಸುದ್ದಿ ಅರ್ಧ ಗಂಟೆಯಲ್ಲಿ ಊರೆಲ್ಲ ಸುತ್ತಿತು.

ಹಾಗಿದ್ದರೆ ನೇರವಾಗಿ ಕೇಳಬಹುದಿತ್ತಲ್ಲ ಎಂದು ನಮಗನ್ನಿಸಬಹುದು. ಅದು ಅಲ್ಲಿ ನಡೆಯುವುದಿಲ್ಲ. ಪರಿಚಯವಿಲ್ಲದವನ ಕಸುಬು ಕೇಳುವುದು, ತನಗೆ ಬೇಕಾದ್ದನ್ನು ಬಾಯಿಬಿಟ್ಟು ಬೇಡುವುದು, ಇವೆರಡೂ ಆ ಜನಕ್ಕೆ ನಡುಬೀದಿಯಲ್ಲಿ ಅಂಗಿ ಕಳಚಿದಷ್ಟು ನಾಚಿಕೆಯ ಕೆಲಸ. ಅವರು ಹವೆಯ ಮಾತಾಡುತ್ತಾರೆ. ಗಾಳಿ, ಮೋಡ, ಮಂಜಿನ ನಡುವೆ ಎಲ್ಲೋ ತಮ್ಮ ವಿಷಯವನ್ನು ತೂರಿಸಿ, ಮತ್ತೆ ಮೋಡಕ್ಕೆ ಹೋಗುತ್ತಾರೆ.

ಮೊದಲು ಹವೆಯ ಮಾತೆತ್ತಿದವಳು 'ಮೂರು ಮೀನು' ವಸತಿಗೃಹದ ಒಡತಿ ಮಿಸೆಸ್ ಆಲ್ಡಸ್. ಪಡ್ನಿ ಬರಿಯ ಚಹಾ ಕೇಳಿದ್ದಕ್ಕೆ ಆಕೆ ಹೊಗೆ ಹಾಕಿದ ಮೀನು, ಹಂದಿಮಾಂಸ, ಮೂರು ಮೊಟ್ಟೆ ತಂದಿಟ್ಟು, ಎದುರು ಕುರ್ಚಿಯಲ್ಲೇ ಕೂತಳು.

"ಗಾಳಿ ಮೂಡಣದ್ದು," ಎಂದಳು. "ಅವರು ಬರೋ ದಿನಾನೂ ಹೀಗೇ ಇದ್ರೆ ಚೆನ್ನ. ದೋಣಿಯಿಂದ ಇಳಿಯೋವಾಗ ಪಾಪ, ಕಾಲು ನೆನೆಯಲ್ಲ."

ಯಾರು ಬರುವ ದಿನ ಎಂದು ಪಡ್ನಿ ಕೇಳಿದ. ಮಿಸೆಸ್ ಆಲ್ಡಸ್ ಜಾಣನಗೆ ನಕ್ಕಳು.

"ಅದೇ, ಅವರು. ಚಿಪ್ಪು ಆರಿಸೋರಿಗೆ ಯಾಕೆ ಹೇಳ್ಬೇಕು ನಾನು. ಸುಮ್ನೆ ಮಾತಿಗೆ ಅಂದೆ. ನಮ್ಮಲ್ಲಿ ಅರವತ್ತು ಜನ ಆರಾಮಾಗಿ ಮಲಗ್ಬಹುದು. ಹಿಂದುಗಡೆ ಕುದುರೆ ಲಾಯ ಇದೆ. ಸೇನಾಪತಿಗೆ ಸಮುದ್ರ ಕಾಣೋ ಕೋಣೆ. ಎದುರು ಬೀದಿಯ 'ಕಿರೀಟ' ಹೋಟ್ಲಿಗೆ ಮಾತ್ರ ಅವರು ಹೋಗ್ಬಾರದಪ್ಪ, ಅಲ್ಲಿ ತಿಗಣೆ. ಮಾರನೇ ದಿನ ಯುದ್ಧ ಇಟ್ಕೊಂಡು ರಾತ್ರಿಯೆಲ್ಲ ಕೆರಕೊಳ್ತಾ ಕೂತ್ಕೊಳ್ಳೋಕಾಗತ್ತಾ?"

ಆಕೆ ಕೋಣೆ, ಹಾಸಿಗೆ, ಲಾಯಗಳ ಪಟ್ಟಿಯನ್ನು ಮಡಿಸಿ ಅವನ ಕೈಚೀಲಕ್ಕೆ ಸೇರಿಸಿ, ಮೋಡ ಚದುರುತ್ತಿದೆ ಎನ್ನುತ್ತ ಎದ್ದುಹೋದಳು. ಇವಳಿಗೆ ತಲೆ ಸರಿಯಿಲ್ಲವೆಂದು ಪಡ್ನಿ ತೀರ್ಮಾನಿಸಿದ. ಆದರೂ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಹೊರಗೆ ಬಂದರೆ ಚರ್ಚಿನ ಗೇಟಿನಲ್ಲಿ ಪಾದ್ರಿ ಟಫ್ನೆಲ್ ಕಾದಿದ್ದರು. ಹಾಲುಬಿಳುಪಿನ ಕೂದಲು, ಮಗುವಿನಂಥ ಮುಖ. ಇಂದು ಮಂಜಿಲ್ಲದಿರುವುದು ದೇವರ ದಯೆ, ಗೋಪುರ ಸಮುದ್ರದಿಂದ ಸ್ಪಷ್ಟವಾಗಿ ಕಾಣುತ್ತದೆ ಎಂದರು. ಅದು ಕಟ್ಟಿ ಐನೂರು ವರ್ಷವಾಯಿತು ಎಂದರು. ಪಡ್ನಿ ಸೌಜನ್ಯಕ್ಕೆ ಟೋಪಿ ತೆಗೆದು ತಲೆಯೆತ್ತಿ ನೋಡಿದ.

"ಒಂದೇ ಒಂದು ಗುಂಡು ಸಾಕು," ಎಂದರು ಪಾದ್ರಿಗಳು ಮೆಲ್ಲಗೆ. "ದಕ್ಷಿಣದ ಮೂಲೆ ಈಗ್ಲೇ ಸಡಿಲ. ಬಣ್ಣದ ಗಾಜಿನ ಕಿಟಕಿ ಇದೆಯಲ್ಲ, ಅದೊಂದನ್ನ ಬಿಟ್ಟುಬಿಡ್ಲಿ, ಹೊಸದು. ಆಮೇಲೆ ಅವರ ಸೇನಾಪತಿ ಒಳಗೆ ಬಂದಾಗ ನಾನೊಬ್ಬನೇ ಇರ್ತೀನಿ. ಅವನ ಜತೆ ಎರಡು ಮಾತಾಡೋ ಅವಕಾಶ ಸಿಕ್ಕಿದ್ರೆ, ಈ ಮುದುಕನಿಗೆ ಅಷ್ಟೇ ಸಾಕು."

ಪಡ್ನಿಯ ಟೋಪಿ ಕೈಜಾರಿ ಗೋರಿಯೊಂದರ ಮೇಲೆ ಬಿತ್ತು. ಪಾದ್ರಿಗಳು ಅದನ್ನು ಎತ್ತಿ ಧೂಳು ಕೊಡವಿ ಕೊಟ್ಟರು, ಜೊತೆಗೆ ತಾವೇ ಬರೆದ ಗೋಪುರದ ಚಿತ್ರವನ್ನೂ ಕೊಟ್ಟರು. ಸಡಿಲವಾದ ಮೂಲೆಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿತ್ತು.

ಒಬ್ಬರಾದರೆ ಹುಚ್ಚು ಎನ್ನಬಹುದು. ಇಬ್ಬರಾದರೆ ಏನೆನ್ನುವುದು? ಪಡ್ನಿ ಇದನ್ನೇ ಯೋಚಿಸುತ್ತ ಬಿರಬಿರನೆ ದಂಡೆಯ ಕಡೆ ಹೊರಟ. ಗುಡ್ಡದ ಮೇಲೊಂದು ಬಿಳಿ ಮನೆ. ಅದರ ಮುಂದೆ ದೂರದರ್ಶಕ ಹಿಡಿದು ನಿಂತಿದ್ದ ಎಪ್ಪತ್ತು ವರ್ಷದ ಮೇಜರ್ ಫಿಲ್ಕಿನ್ಸ್ ಅವನನ್ನು ಕೈಬೀಸಿ ಕರೆದು, ಸಂಜೆಗೆ ಮಳೆಯಾಗಲಾರದು ಎಂದು ಹೇಳಿ, ಒಂದು ನಕ್ಷೆಯನ್ನು ಬಿಚ್ಚಿದರು. ಇಳಿತದ ಹೊತ್ತು, ಕೆಸರಿನ ಆಳ, ಯಾವ ಮರಳಿನ ಮೇಲೆ ಫಿರಂಗಿಯ ಗಾಲಿ ಹೂತುಕೊಳ್ಳುತ್ತದೆ, ಯಾವುದರ ಮೇಲೆ ಉರುಳುತ್ತದೆ, ಎಲ್ಲವೂ ಅದರಲ್ಲಿತ್ತು. ಎರಡು ವಾರ ಕೂತು ಬರೆದದ್ದಂತೆ.

"ಹೋಲ್ಮ್‌ಗೇಟಲ್ಲಿ ಯಾವನೋ ಮುಠ್ಠಾಳ ನದಿ ಹರಿಸಿಬಿಟ್ಟ," ಎಂದರು ಮೇಜರ್. "ಇಲ್ಲಿ ಅಂಥದ್ದಾಗ್ಬಾರದು. ಈ ಗಟ್ಟಿ ಮರಳಿನ ಮೇಲೆ ಬಂದ್ರೆ ನೇರ ನನ್ನ ಮನೆಗೇ ಬರ್ತಾರೆ. ಬರ್ಲಿ. ಸಮವಸ್ತ್ರ ಹಾಕ್ಕೊಂಡು ಬಾಗಿಲಲ್ಲೇ ನಿಂತಿರ್ತೀನಿ."

ಅವರು ನಕ್ಷೆಯನ್ನು ಮಡಿಸಿ ಅವನ ಚೀಲಕ್ಕೆ ತುರುಕಿದರು. ಪಡ್ನಿಗೆ ನದಿಯ ಮಾತು ಚುಚ್ಚಿತು. ಆದರೆ ಅದಕ್ಕಿಂತ ದೊಡ್ಡದೊಂದು ಅನುಮಾನ ಅವನ ತಲೆಯಲ್ಲಿ ಆಗಲೇ ಗಿರಗಿರ ತಿರುಗುತ್ತಿತ್ತು. ವಸತಿಗೃಹದವಳು ಶತ್ರುವಿಗೆ ಹಾಸಿಗೆ ಹಾಸಿಟ್ಟಿದ್ದಾಳೆ. ಪಾದ್ರಿ ಅವರ ಸೇನಾಪತಿಯ ಜತೆ ಗುಟ್ಟಿನ ಮಾತುಕತೆಗೆ ತಯಾರಾಗಿದ್ದಾರೆ. ಮೇಜರ್ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾರೆ. ಆರು ತಿಂಗಳಿನಿಂದ ತಾನು ಪ್ರತಿ ಸಂಜೆ ಕಟ್ಟಿ ಹೇಳಿದ ಸುಳ್ಳು ಇಲ್ಲಿ ನಿಜವಾಗಿ ಕೂತಿದೆ. ಇಡೀ ಊರು ಜರ್ಮನರಿಗೆ ಮಾರಿಕೊಂಡಿದೆ. ಇವರೆಲ್ಲ ತನ್ನನ್ನು ಅಲ್ಲಿಂದ ಬಂದ ಗೂಢಚಾರನೆಂದು ತಿಳಿದು ನಕ್ಷೆ ಒಪ್ಪಿಸುತ್ತಿದ್ದಾರೆ.

ಕಾನೂನು ಎಂಬುದೊಂದು ಇದೆಯಲ್ಲ ಎಂದು ಅವನು ಪೊಲೀಸರನ್ನು ಹುಡುಕಿಕೊಂಡು ಹೋದ. ಆ ಊರಿನ ಕಾನೂನೆಲ್ಲ ಒಬ್ಬನೇ ಕಾನ್‌ಸ್ಟೇಬಲ್ ಗೂಚ್‌ನಲ್ಲಿತ್ತು. ಅವನು ಎಲ್ಮ್ ಮರದ ಕೆಳಗಿನ ಬೆಂಚಿನ ಮೇಲೆ ಹೆಲ್ಮೆಟ್ಟನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಪಡ್ನಿ ಕೆಮ್ಮಿದ. ಕೊಡೆ ಬೀಳಿಸಿದ. ಗೊರಕೆ ಒಂದು ಕ್ಷಣ ನಿಂತು, ಇನ್ನಷ್ಟು ಜೋರಾಗಿ ಶುರುವಾಯಿತು. ಇವನೂ ಅವರ ಕಡೆಯೇ ಎಂದುಕೊಂಡು ಪಡ್ನಿ ರೈಲ್ವೆ ಸ್ಟೇಷನ್ನಿಗೆ ಓಡಿದ.

ತಂತಿ ಕಳಿಸುವ ಕೋಣೆಯಲ್ಲಿ ಕ್ಯಾಚ್‌ಪೋಲ್ ಒಬ್ಬನೇ ಇದ್ದ. ಪಡ್ನಿ ಐದು ಫಾರಂ ತುಂಬ ಬರೆದ. 'ಇದು ಕತೆಯಲ್ಲ, ಪ್ರತಿ ಮಾತೂ ನಿಜ' ಎಂದು ಶುರುಮಾಡಿ, ಒಳ್ಳೆಯ ಮುಖದ ಪಾದ್ರಿ, ಅರವತ್ತು ಹಾಸಿಗೆಯ ಹೆಂಗಸು, ನಕ್ಷೆಯ ಮೇಜರ್, ನಿದ್ದೆ ಹೋದ ಪೊಲೀಸ್, ಯಾರನ್ನೂ ಬಿಡದೆ ಹೆಸರು ಹಿಡಿದು ವರ್ಣಿಸಿ, ಯುದ್ಧ ಖಾತೆಗೆ ಈ ಕೂಡಲೇ ತಿಳಿಸಿರೆಂದು ಹಾರ್ಬಾಟಲ್‌ರಿಗೆ ಮೊರೆಯಿಟ್ಟ. ಕ್ಯಾಚ್‌ಪೋಲ್ ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಟಿಕಟಿಕ ಕುಟ್ಟಿ ಮುಗಿಸಿದ. ತಂತಿಯಲ್ಲಿ ಹೋದ ಮಾತನ್ನು ಹೊರಗೆ ಆಡುವುದಿಲ್ಲವೆಂದು ಪ್ರಮಾಣ ಮಾಡಿದವನು ಅವನು. ಕೊನೆಯಲ್ಲಿ ಮಾತ್ರ ತಲೆಯೆತ್ತಿ, "ಇದ್ರಲ್ಲಿ ನಮ್ ಸ್ಟೇಷನ್ ಬರಲ್ವಾ ಸ್ವಾಮಿ?" ಎಂದು ಕೇಳಿದ. ಸ್ಟೇಷನ್ನನ್ನೂ ಶತ್ರುವಿಗೆ ಕೊಡಲು ಇವನು ತುದಿಗಾಲಲ್ಲಿ ನಿಂತಿದ್ದಾನೆಂದು ಪಡ್ನಿಗೆ ಖಾತ್ರಿಯಾಯಿತು. ಲಂಡನ್ನಿಗೆ ಮುಂದಿನ ರೈಲು ಆರೂ ನಲವತ್ತಕ್ಕೆ.

ಅಲ್ಲಿಯವರೆಗೆ ತಲೆಮರೆಸಿಕೊಳ್ಳಬೇಕು. ದಂಡೆಯಲ್ಲಿ ಸ್ನಾನದ ಗಾಡಿಗಳು ಸಾಲಾಗಿ ನಿಂತಿದ್ದವು, ನಾಲ್ಕು ಗಾಲಿಯ ಮರದ ಗೂಡುಗಳು. ಮರ್ಯಾದಸ್ಥ ಹೆಂಗಸರು ಒಳಗೆ ಬಟ್ಟೆ ಬದಲಿಸುವಷ್ಟರಲ್ಲಿ ಕುದುರೆ ಅದನ್ನು ನೀರಿಗೆ ಎಳೆದುಕೊಂಡು ಹೋಗುತ್ತದೆ, ದಡದವರ ಕಣ್ಣಿಗೆ ಬೀಳದೆ ಇಳಿದು ಮೀಯಬಹುದು. ಪಡ್ನಿ ಒಂದರೊಳಗೆ ನುಗ್ಗಿ ಅಗುಳಿ ಹಾಕಿ, ಚೀಲ ತಬ್ಬಿಕೊಂಡು ಮೂಲೆಯಲ್ಲಿ ಕೂತ. ಬಾಗಿಲು ಮುಚ್ಚಿದ್ದು ನೋಡಿದ ಗಾಡಿಯ ಮುದುಕಿ ಒಳಗೆ ಗಿರಾಕಿ ಬಂದರೆಂದು ತನ್ನ ಪಾಡಿಗೆ ಕುದುರೆ ಹೂಡಿದಳು. ಗೂಡು ಅಲುಗಾಡಿತು, ಉರುಳಿತು, ನೆಲದ ಹಲಗೆಯ ಸಂದಿಯಿಂದ ನೀರು ಚಿಮ್ಮಿತು. ಶತ್ರು ತನ್ನನ್ನು ಹಡಗಿಗೆ ಸಾಗಿಸುತ್ತಿದ್ದಾನೆಂದು ಗಾಬರಿಯಾಗಿ ಪಡ್ನಿ ಬಾಗಿಲು ತೆಗೆದು ಹಾರಿದ.

ನೀರು ಎದೆಮಟ್ಟ ಇತ್ತು. ಟೋಪಿ ಮತ್ತು ಚೀಲವನ್ನು ತಲೆಯ ಮೇಲೆ ಹೊತ್ತು ಅವನು ದಡಕ್ಕೆ ಬರುವಾಗ, ಗುಡ್ಡದ ಮೇಲಿಂದ ದೂರದರ್ಶಕದಲ್ಲಿ ನೋಡುತ್ತಿದ್ದ ಮೇಜರ್ ಫಿಲ್ಕಿನ್ಸ್ ಮೆಚ್ಚಿ ತಲೆದೂಗಿದರು. ಬೂಟು ಕಳಚದೆ ಆಳ ಅಳೆಯುವ ಪತ್ರಿಕೆಯವನನ್ನು ಅವರು ಕಂಡಿರಲಿಲ್ಲ.

ಆರೂವರೆಗೆ ಪಡ್ನಿ ನೀರಿಳಿಯುವ ಪ್ಯಾಂಟಿನಲ್ಲಿ ಸ್ಟೇಷನ್ನಿಗೆ ಬಂದು ನೋಡಿದರೆ ಊರಿಗೆ ಊರೇ ಅಲ್ಲಿ ನೆರೆದಿತ್ತು. ಮಿಸೆಸ್ ಆಲ್ಡಸ್ ಕೈಯಲ್ಲಿ ಹಂದಿಮಾಂಸದ ಪೊಟ್ಟಣ, ಪಾದ್ರಿಗಳ ಕೈಯಲ್ಲಿ ಹೂವು. ಎಲ್ಲರೂ ಇಂದಿನ ಸಂಜೆಬಿಸಿಲು ಎಷ್ಟು ಚೆಂದ ಎನ್ನುತ್ತಿದ್ದರು. ಬೀಳ್ಕೊಡಲು ಬಂದವರೋ ಮುಗಿಸಲು ಬಂದವರೋ ತಿಳಿಯದೆ ಪಡ್ನಿ ತೂಕದ ಯಂತ್ರದ ಹಿಂದೆ ಸರಿದ. ಲಂಡನ್ನಿನಿಂದ ರೈಲು ಬಂತು. ಅದೇ ತಿರುಗಿ ಲಂಡನ್ನಿಗೆ ಹೋಗಬೇಕು. ಗಾರ್ಡು ಸಂಜೆ ಪತ್ರಿಕೆಯ ಕಟ್ಟನ್ನು ಎಸೆದ. ಪಾದ್ರಿಗಳು ವಾಡಿಕೆಯಂತೆ ಮೊದಲ ಪ್ರತಿ ಬಿಡಿಸಿ ಧಾರಾವಾಹಿಯ ಪುಟಕ್ಕೆ ಹೋದರು. ಅವರ ಹುಬ್ಬು ನಿಧಾನವಾಗಿ ಮೇಲಕ್ಕೇರಿತು.

"ಓದಿ ಅಂದ್ರೆ ಓದ್ತೀನಿ," ಎಂದರು. "ಆದರೆ ಇದು ನಾವೇ."

ಆಮೇಲೆ ಅವರು ಗಟ್ಟಿಯಾಗಿ ಓದಿದ್ದು ಪಡ್ನಿಯ ತಂತಿಯನ್ನು, ಒಂದಕ್ಷರ ಬಿಡದೆ. ಇದು ಕತೆಯಲ್ಲ ಎಂಬ ಮೊದಲ ಸಾಲು ಕಂಡೊಡನೆ ಹಾರ್ಬಾಟಲ್ ಅದನ್ನು ಮುಂದಿನ ಅಧ್ಯಾಯವೆಂದು ತಿಳಿದು ನೇರವಾಗಿ ಅಚ್ಚಿಗೆ ಕಳಿಸಿದ್ದರು. ವಿಕರ್‌ನೆಸ್ಸಿನ ಪಾದ್ರಿ ಶತ್ರುವಿನ ಕೈಗೊಂಬೆ, ವಸತಿಗೃಹದವಳು ದೇಶದ್ರೋಹಿ, ಮೇಜರ್ ಅವರೆಲ್ಲರ ಗುರು. ಪಡ್ನಿ ಕಣ್ಣು ಮುಚ್ಚಿ ಮೊದಲ ಏಟಿಗೆ ಕಾದ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಮಿಸೆಸ್ ಆಲ್ಡಸ್ ಆನಂದದಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಹೋಲ್ಮ್‌ಗೇಟಿನ ಹೆಂಗಸರಿಗೆ ಬರೀ ಬಾಗಿಲು ಮುರಿಸಿಕೊಳ್ಳುವ ಯೋಗವಿತ್ತು, ತನಗೆ ದ್ರೋಹಿಯ ಪಾತ್ರವೇ ಸಿಕ್ಕಿತು, 'ಕಿರೀಟ'ದವಳ ಹೆಸರೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡಳು. ಪಾದ್ರಿ ದೊಡ್ಡ ದ್ರೋಹಿಯೋ ತಾನೋ ಎಂದು ಮೇಜರ್ ವಾದಕ್ಕಿಳಿದರು. ಪಡ್ನಿಗೆ ತಲೆಬುಡ ತಿಳಿಯಲಿಲ್ಲ. ಹೋಲ್ಮ್‌ಗೇಟಿನ ರೈಲು, ಫೋಟೋ, ಚಹಾದ ಕತೆಯೆಲ್ಲ ಅವರ ಜಗಳದ ನಡುವೆ ಕೇಳಿ ಕೇಳಿ ಕೊನೆಗೆ ಅವನಿಗೆ ಹೊಳೆಯಿತು. ಬೆಳಗಿನಿಂದ ಇವರು ಕೊಟ್ಟದ್ದು ಅರ್ಜಿ, ತಾನು ಕಂಡದ್ದು ಪಿತೂರಿ. ಇಂಗು ತಿಂದ ಮಂಗನಂತೆ ಅವನು ಒಮ್ಮೆ ಅವರನ್ನೂ ಒಮ್ಮೆ ಪತ್ರಿಕೆಯನ್ನೂ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು ರೈಲಿನ ಮೆಟ್ಟಿಲ ಮೇಲೆ ಕಾಲಿಟ್ಟ. ಒಂದೂ ದೂರು ಬಾರದ ಅಧ್ಯಾಯ ಕೊನೆಗೂ ಬರೆದಾಗಿತ್ತು, ಅಣ್ಣನ ಮುಖ ಕಣ್ಣ ಮುಂದೆ ಬಂತು.

ಕೊರಳಪಟ್ಟಿಗೆ ಹಿಂದಿನಿಂದ ಒಂದು ಕೈ ಬಿತ್ತು.

"ನಾನು ನಿದ್ದೆ ಹೋಗಿದ್ದೆ ಅಂತ ಬರೆದಿದೆ," ಎಂದ ಕಾನ್‌ಸ್ಟೇಬಲ್ ಗೂಚ್. ಊರಿಗೆಲ್ಲ ಸಂತೋಷ ತಂದ ಅಧ್ಯಾಯ ಅವನೊಬ್ಬನ ಮಾನ ಕಳೆದಿತ್ತು. "ಇಪ್ಪತ್ತೆರಡು ವರ್ಷದ ನೌಕರಿ ಸ್ವಾಮಿ ನಂದು. ಮೇಲಿನವರು ಇದನ್ನ ಓದ್ತಾರೆ. ನಾನು ಎಚ್ಚರ ಇದ್ದೆ ಅನ್ನೋಕೆ ಯಾರನ್ನಾದ್ರೂ ಹಿಡೀಲೇಬೇಕು ಈಗ. ಆ ಚೀಲದಲ್ಲಿ ಏನಿದೆ?"

ಚಿಪ್ಪು ಎಂದ ಪಡ್ನಿ. ಗೂಚ್ ಚೀಲವನ್ನು ಪ್ಲಾಟ್‌ಫಾರಂ ಮೇಲೆ ಸುರಿದ. ಒಂದೇ ಒಂದು ಚಿಪ್ಪು ಬೀಳಲಿಲ್ಲ. ಕರಾವಳಿಯ ನಕ್ಷೆ, ಇಳಿತದ ವೇಳೆ, ಸಡಿಲ ಮೂಲೆಗೆ ಕೆಂಪು ಗುರುತಿದ್ದ ಗೋಪುರ, ಅರವತ್ತು ಹಾಸಿಗೆಯ ಪಟ್ಟಿ ಬಿದ್ದವು.

ಕೆಲಸ ಹೋದರೆ ಹೋಗಲಿ ಎಂದು ಪಡ್ನಿ ಕೊನೆಗೆ ಬಾಯಿಬಿಟ್ಟ. ತಾನು ಪತ್ರಿಕೆಯವನು, ತಾನೇ ಕರ್ನಲ್ ಡ್ರೇಕಾಟ್, ಈ ಕಾಗದವೆಲ್ಲ ಇವರೇ ಕೊಟ್ಟದ್ದು ಎಂದು ತೊದಲಿದ. ಗೂಚ್ ಪತ್ರಿಕೆಯಲ್ಲಿದ್ದ ಹುರಿಮೀಸೆಯನ್ನು ನೋಡಿ, ಪಡ್ನಿಯ ಬೋಳು ಮೇಲ್ದುಟಿಯನ್ನು ನೋಡಿ, ಪಾದ್ರಿಗಳ ಕಡೆ ತಿರುಗಿದ. ಪಾದ್ರಿಗಳು ಒಳ್ಳೆಯವರು. ಹೌದೆನ್ನಲು ಬಾಯಿ ತೆರೆದೂಬಿಟ್ಟರು. ಅಷ್ಟರಲ್ಲಿ ಮಿಸೆಸ್ ಆಲ್ಡಸ್ ಯಾರಿಗೂ ಹೇಳದವಳ ಹಾಗೆ ಒಂದು ಮಾತಂದಳು.

"ಸೋಮವಾರ ದೇಶಕ್ಕೆಲ್ಲ ರಜಾ. ಹೋಲ್ಮ್‌ಗೇಟಿಗೆ ಅವರು ಬಂದದ್ದು ಕತೇಲಿ ಮಾತ್ರ, ಆದ್ರೂ ಅಷ್ಟು ಜನ. ಇನ್ನು ನಿಜವಾದ ಗೂಢಚಾರನೇ ಸಿಕ್ಕಿದ ಊರು ಅಂದ್ರೆ..."

ಪಾದ್ರಿಗಳು ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿದರು. ಆಕಾಶ ನೋಡಿದರು.

"ನಾಳೆ ಬಿಸಿಲು ಬರೋ ಹಾಗಿದೆ," ಎಂದರು.

ಹೌದು, ಬಿಸಿಲೇ ಎಂದು ಎಲ್ಲರೂ ಒಪ್ಪಿದರು. ಈತ ಬಟ್ಟೆ ಹಾಕಿಕೊಂಡೇ ಸಮುದ್ರದ ಆಳ ಅಳೆಯುತ್ತಿದ್ದುದನ್ನು ತಾನು ಕಣ್ಣಾರೆ ಕಂಡೆನೆಂದು ಮೇಜರ್ ಸಾಕ್ಷಿ ನುಡಿದರು. ಅದೇನೋ ಸುಳ್ಳಲ್ಲ. ಲಂಡನ್ನಿನ ರೈಲು ಪಡ್ನಿಯನ್ನು ಬಿಟ್ಟು ಹೊರಟುಹೋಯಿತು.

ಊರಿನ ಲಾಕಪ್ಪು ಕುದುರೆ ಲಾಯದ ಪಕ್ಕದ ಒಂದು ಕೋಣೆ. ಮ್ಯಾಜಿಸ್ಟ್ರೇಟರು ಬರುವುದು ಮಂಗಳವಾರ, ರಜೆ ಕಳೆದ ಮೇಲೆ. ಅಲ್ಲಿಯವರೆಗೆ ಊಟ ತನ್ನ ಕಡೆಯಿಂದಲೇ ಎಂದು ಮಿಸೆಸ್ ಆಲ್ಡಸ್ ಸರಳಿನ ಸಂದಿಯಿಂದ ಹೇಳಿ, ಸೋಮವಾರ ಜನ ಬಂದಾಗ ಸ್ವಲ್ಪ ಕಿಟಕಿಯ ಹತ್ತಿರವೇ ಕೂತಿದ್ದರೆ ಉಪಕಾರವಾಗುತ್ತದೆ ಎಂದಳು. ಪಡ್ನಿಗೆ ಅಳು ಬರುವುದೊಂದೇ ಬಾಕಿ. ತನ್ನ ಸಂಪಾದಕರನ್ನು ಕೇಳಿ, ಅವರು ಹೇಳುತ್ತಾರೆ ಎಂದು ಅವನು ಗೂಚ್‌ನ ಕಾಲು ಹಿಡಿದದ್ದಕ್ಕೆ ಗೂಚ್ ಲಂಡನ್ನಿಗೆ ತಂತಿ ಕೊಟ್ಟಿದ್ದ. ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ ಕ್ಯಾಚ್‌ಪೋಲ್ ಉತ್ತರ ತಂದ. ಗೂಚ್ ಓದಿ ಹೇಳಿದ:

"ಪಡ್ನಿ ಎಂಬ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ. ಬಿಗಿಯಾಗಿ ಹಿಡಿದಿಡಿ. ವಿವರವನ್ನು ನಮ್ಮ ಕರ್ನಲ್ ಬರೆಯುತ್ತಾರೆ."

ಗೂಚ್ ದೀಪ ತರಲು ಒಳಗೆ ಹೋದಾಗ ಕ್ಯಾಚ್‌ಪೋಲ್ ಕಿಟಕಿಯ ಹತ್ತಿರ ಬಂದ. ಇನ್ನೊಂದು ತಂತಿಯಿತ್ತು, ವಿಳಾಸದಲ್ಲಿ 'ಕೈದಿ, ವಿಕರ್‌ನೆಸ್' ಎಂದಷ್ಟೇ. ಅವನು ಅದನ್ನು ಸರಳಿನ ಸಂದಿಯಲ್ಲಿ ತೂರಿಸಿದ. ಪಡ್ನಿ ಬಿಡಿಸಿದ: 'ಅಧ್ಯಾಯ ಅದ್ಭುತ. ಒಂದೂ ದೂರಿಲ್ಲ. ಕೊಟ್ಟ ಮಾತಿನಂತೆ ನಾಳೆ ನಿಮ್ಮ ಹೆಸರು ಮುಖಪುಟದಲ್ಲಿ, ಎಲ್ಲಕ್ಕಿಂತ ದೊಡ್ಡಕ್ಷರದಲ್ಲಿ. ಗೂಢಚಾರ ಸಿಕ್ಕಿದ ಅಧ್ಯಾಯ ಬೆಳಿಗ್ಗೆ ಹತ್ತಕ್ಕೆ ಬೇಕು. ತಪ್ಪಿಸಿಕೊಳ್ಳಬೇಡಿ. ಹಾರ್ಬಾಟಲ್.'

ಪಡ್ನಿ ಅದನ್ನು ಮೂರು ಸಲ ಓದಿದ. ಭಾನುವಾರದ ಊಟದ ಮೇಜು, ಹರಡಿದ ಪತ್ರಿಕೆ, ಮೊದಲ ಪುಟದ 'ಗೂಢಚಾರ ಪಡ್ನಿ' ಎಂಬಲ್ಲೇ ನಿಂತುಹೋದ ಅಣ್ಣನ ಬೆರಳು, ಎಲ್ಲ ಕಂಡಿತು. ಬರೆಯದಿದ್ದರೆ ಮಂಗಳವಾರದವರೆಗೆ ಗೂಢಚಾರ, ಆಮೇಲೆ ಅಂಟಿನ ಕಾರ್ಖಾನೆ. ಬರೆದರೆ ಕೆಲಸವಾದರೂ ಉಳಿಯುತ್ತದೆ. ಅವನು ಕಾಗದ, ಪೆನ್ಸಿಲ್ ಕೇಳಿದ. ಗೂಚ್‌ನ ಮುಖ ಅರಳಿತು, ಕೈದಿಗೆ ಕೊನೆಗೂ ಬುದ್ಧಿ ಬಂತೆಂದು ತನ್ನ ಕುರ್ಚಿಯನ್ನೇ ತಂದು ಕೊಟ್ಟ.

"ಇದರಲ್ಲಾದ್ರೂ ಸ್ಟೇಷನ್ ಬರತ್ತಾ ಸ್ವಾಮಿ?" ಎಂದ ಕ್ಯಾಚ್‌ಪೋಲ್ ಕಿಟಕಿಯಿಂದ. ಬರುತ್ತದೆ ಎಂದ ಪಡ್ನಿ.

ಅವನಿಗೆ ಕೈ ಓಡುತ್ತಿತ್ತು. ಸಣ್ಣ ಆಳಿನ, ಹೇಡಿ ಕಣ್ಣಿನ ಗೂಢಚಾರನೊಬ್ಬ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ ಎಂದು ಶುರುಮಾಡಿದ. ಹೆಗಲ ಮೇಲಿಂದ ಬಗ್ಗಿ ಓದಿದ ಗೂಚ್‌ಗೆ ಅದು ಹಿಡಿಸಲಿಲ್ಲ. ಹೇಡಿಯನ್ನು ಹಿಡಿದರೆ ತನಗೇನು ಮರ್ಯಾದೆ, ಹೊಡೆದಾಡಿದನೆಂದು ಬರೆಯಿರಿ ಎಂದ. ಪಡ್ನಿ ಆ ಸಾಲನ್ನು ಹೊಡೆದು ಹಾಕಿ, ಗೂಢಚಾರನನ್ನು ಆರಡಿ ಎತ್ತರ ಮಾಡಿ, ಪೊಲೀಸಪ್ಪ ಎಷ್ಟು ಏಟು ಕೊಟ್ಟನೆಂದು ಕೇಳಿದ. ಗೂಚ್ ಯೋಚಿಸಿ ನಾಲ್ಕು ಎಂದ. ಪಡ್ನಿ ತನಗೆ ಬಿದ್ದ ನಾಲ್ಕು ಏಟನ್ನೂ ಒಂದೊಂದಾಗಿ, ಚೊಕ್ಕವಾಗಿ ವರ್ಣಿಸಿದ. ಎಲ್ಲ ಮುಗಿಸಿ, ಅಭ್ಯಾಸಬಲದಿಂದ ಮೇಲ್ಗಡೆ 'ಇದು ಕತೆಯಲ್ಲ, ಪ್ರತಿ ಮಾತೂ ನಿಜ' ಎಂದು ಸೇರಿಸಿದ.

ಗೂಚ್ ಹಾಳೆಗಳನ್ನು ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿದ. ಇಂಥ ಸ್ಪಷ್ಟವಾದ ತಪ್ಪೊಪ್ಪಿಗೆಯನ್ನು ತಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ, ಒಂದು ಪ್ರತಿ ಪತ್ರಿಕೆಗೆ, ಅಸಲು ಮ್ಯಾಜಿಸ್ಟ್ರೇಟರಿಗೆ ಎಂದ. ಪಡ್ನಿ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ.

"ಕೆಳಗೆ ಸಹಿ ಹಾಕಿ," ಎಂದು ಗೂಚ್ ಪೆನ್ಸಿಲನ್ನು ಅವನ ಕೈಗೆ ಕೊಟ್ಟ. "ನಿಮ್ಮದೇ ಹೆಸರು ಇರ್ಲಿ ಮತ್ತೆ. ಕರ್ನಲ್‌ದು ಹಾಕ್ಬೇಡಿ."